ಮುತ್ಯಾ ಮಾತು ಕಮ್ಮಿ ಮಾಡ್ಯಾರ, ಆಯಿಗೆ ನಿದ್ದಿ ಹತ್ತವಲ್ದು: ಹಿರಿಯರ ಮೈ ತ್ರಾಸು ಮನಸ್ಸಿಗಿ ಇಳಿದಾಗ ಮನ್ಯಾಗ ಏನೇನ್ ಮಾಡ್ಬೇಕು

ನಮ್ ಕಲಬುರಗಿ, ಬೀದರ್, ಯಾದಗಿರಿ ಕಡಿ ಯಾವ ಮನಿಗಿ ಹೋದ್ರೂ ಅರವತ್ತು ದಾಟಿದವರ ತಲಿದಿಂಬಿನ ಹಂತ್ಯಾಕ ಒಂದು ಡಬ್ಬಿ ಇದ್ದೇ ಇರ್ತದ. ಅದ್ರಾಗ ಬಿಪಿ ಗುಳಗಿ, ಶುಗರ್ ಗುಳಗಿ, ಮೊಣಕಾಲಿಂದು, ಗ್ಯಾಸಿಂದು, ಯಾವಾಗೋ ತಂದಿದ್ದ ಕೆಮ್ಮಿನ ಔಷಧ ಎಲ್ಲಾ ಕೂಡೇ ಬಿದ್ದಿರ್ತಾವ. ಬಿಪಿಗಿ ಒಬ್ಬ ಡಾಕ್ಟರ್, ಮೊಣಕಾಲಿಗಿ ಇನ್ನೊಬ್ರು, ನಿದ್ದಿ ಬರವಲ್ದು ಅಂದ್ರ ಮೆಡಿಕಲ್ ಅಂಗಡಿಯವ. ಮನಸ್ಸು ಹೆಂಗದ ಅಂತ ಕೇಳೋರು ಮಾತ್ರ ಯಾರೂ ಇರಂಗಿಲ್ಲ, ವಯಸ್ಸಾತಲ್ಲ ಹಂಗೇ ಇರ್ತದ ಬಿಡ್ರಿ ಅಂತಾರ. ಹಂಗ ಬಿಡಬ್ಯಾಡ್ರಿ ಅಂತ ಹೇಳ್ಲಿಕ್ಕೇ ಇದು ಬರೀಲತ್ತೀನಿ. ವರ್ಷಾನುಗಟ್ಲೆ ಮೈ ಮ್ಯಾಲ ಬಿದ್ದ ಭಾರಕ್ಕೂ ಮುಪ್ಪಿನಾಗ ಬರೋ ಡಿಪ್ರೆಶನ್‌ಗೂ ಗಟ್ಟಿ ಸಂಬಂಧ ಅದ, ಒಂದು ಇನ್ನೊಂದಕ್ಕ ದಾರಿ ಮಾಡಿಕೊಡ್ತದ, ಅದಕ್ಕ ಎರಡನ್ನೂ ಕೂಡಿಸಿ ನೋಡ್ಬೇಕು, ಕೂಡಿಸಿ ಉಪಚಾರ ಮಾಡ್ಬೇಕು. ಡಾಕ್ಟರ್ ಹಂತ್ಯಾಕ ಹೋಗೋದು ತಪ್ಪಂಗಿಲ್ಲ, ಆದ್ರ ಹೋಗೋಕಿಂತ ಮುಂಚೆ ಮತ್ತ ಹೋಗಿ ಬಂದ ಮ್ಯಾಲ ಮನ್ಯಾಗಿನವರು ಮಾಡೋ ಕೆಲಸ ಭಾಳ ಅದ.

ಒಳಗ ಏನಾಗ್ತದ ಅಂದ್ರ

ಮಳಿ ಕೈ ಕೊಡ್ತು, ತೊಗರಿ ರೇಟ್ ಬಿತ್ತು, ಮಗಂದು ಸಾಲ, ಮೈಯಾಗ ದಿನಾ ನೋವು, ಇಂಥದ್ದೇನೇ ಇರ್ಲಿ, ಮೆದುಳು, ಕಿಡ್ನಿ ಮ್ಯಾಲ ಕುಂತಿರೋ ಅಡ್ರಿನಲ್ ಗ್ರಂಥಿಗಿ ಸುದ್ದಿ ಮುಟ್ಟಸ್ತದ, ಅದು ಅಡ್ರಿನಲಿನ್ ಮತ್ತ ಕಾರ್ಟಿಸಾಲ್ ಬಿಡ್ತದ, ಬಿಪಿ ಏರ್ತದ, ರಕ್ತದಾಗ ಸಕ್ಕರಿ ಏರ್ತದ, ಮೈ ಎದುರಿಸ್ಲಿಕ್ಕೆ ತಯಾರ್ ಆಗ್ತದ. ಕೆಲಸ ಮುಗಿದ ಮ್ಯಾಲ ಎಲ್ಲಾ ಇಳಿಬೇಕು. ಇಳಿದ್ರ ಏನೂ ತೊಂದ್ರಿ ಇಲ್ಲ, ಇಳೀದೇ ವರ್ಷಗಟ್ಲೆ ಏರಿಕೊಂಡೇ ಕುಂತ್ರ ಆಗ ಕೆಡ್ತದ. ಹೊಲದಾಗಿನ ಬೋರಿನ ಮೋಟಾರ್ ನೀರಿಲ್ದೇ ಹಗಲು ರಾತ್ರಿ ಓಡಿದ್ರ ವೈಂಡಿಂಗ್ ಸುಟ್ಟು ಹೋಗ್ತದಲ್ಲ, ಹಂಗ. 1993ರಾಗ ಬ್ರೂಸ್ ಮೆಕ್ಯೂಯೆನ್ ಮತ್ತ ಎಲಿಯಟ್ ಸ್ಟೆಲ್ಲರ್ ಅಂಬೋ ಅಮೆರಿಕದ ವಿಜ್ಞಾನಿಗಳು ಈ ಕೂಡಿ ಬಿದ್ದ ಭಾರಕ್ಕ ಅಲೋಸ್ಟ್ಯಾಟಿಕ್ ಲೋಡ್ ಅಂತ ಹೆಸರಿಟ್ರು. 1997ರಾಗ ಅಲ್ಲೇ 70ರಿಂದ 79 ವಯಸ್ಸಿನವರ ಮ್ಯಾಲ ನಡೆದ ಅಧ್ಯಯನದಾಗ ಇದನ್ನ 10 ಅಳತಿಯಿಂದ ಲೆಕ್ಕ ಹಾಕಿದ್ರು: ಮ್ಯಾಲಿನ ಬಿಪಿ, ಕೆಳಗಿನ ಬಿಪಿ, ನಡ ಮತ್ತ ಕುಂಡಿಯ ಸುತ್ತಳತಿಯ ಅನುಪಾತ, ಕೊಲೆಸ್ಟ್ರಾಲಿಂದು ಎರಡು, ಮೂರ್ ತಿಂಗಳ ಶುಗರ್, ಉಳಿದದ್ದು ಕಾರ್ಟಿಸಾಲ್ ಮೊದಲಾದ ಹಾರ್ಮೋನು. ಒಂದೊಂದೇ ನೋಡಿದ್ರ ಸ್ವಲ್ಪ ಸ್ವಲ್ಪ ಕೆಟ್ಟಿರ್ತದ, ಯಾರೂ ಘಾಬ್ರಿ ಆಗಂಗಿಲ್ಲ, ಎಲ್ಲಾ ಕೂಡಿಸಿ ನೋಡಿದ್ರ ಭಾರ ದೊಡ್ಡದಾಗಿರ್ತದ.

ಈ ಭಾರ ಮನಸ್ಸಿಗಿ ಹೆಂಗ ಇಳೀತದ ಅಂತ ಕೇಳಿದ್ರ ದಾರಿ ಒಂದಲ್ಲ. ಮೆದುಳಿನಾಗ ಹಿಪೊಕ್ಯಾಂಪಸ್ ಅಂತ ಒಂದು ಭಾಗ ಅದ, ನೆನಪಿನ ಕೆಲಸ ಅದರದ್ದು, ಕಾರ್ಟಿಸಾಲ್ ಸಾಕು ಅಂತ ತಡಿಯೋ ಕೆಲಸದಾಗೂ ಅದರ ಪಾಲದ. ಕಾರ್ಟಿಸಾಲ್ ಭಾಳ ದಿನ ಹೆಚ್ಚಿದ್ರ ಆ ಭಾಗಕ್ಕೇ ಪೆಟ್ಟು ಬೀಳ್ತದ, ಅಂದ್ರ ತಡಿಯೋ ಕೈಯೇ ಸೋಲ್ತದ. ಎರಡನೇದು ಒಳ ಉರಿಯೂತ. ಜ್ವರ ಬಂದಾಗ ಊಟ ಬ್ಯಾಡ, ಮಾತು ಬ್ಯಾಡ, ಸುಮ್ನ ಮಲಗ್ಬೇಕು ಅನಿಸ್ತದಲ್ಲ, ಅದು ಉರಿಯೂತದ ರಾಸಾಯನಿಕಗಳು ಮೆದುಳಿಗಿ ಮುಟ್ಟಿ ಮಾಡೋ ಕೆಲಸ. ಶುಗರ್, ಹೊಟ್ಟಿ ಬೊಜ್ಜು, ಹಳೇ ಸಂಧಿವಾತ, ಹುಳುಕು ಹಲ್ಲು ವಸಡು ಇಂಥವುಗಳಿಂದ ಅದೇ ಉರಿಯೂತ ಸಣ್ಣಗ ವರ್ಷಗಟ್ಲೆ ನಡದೇ ಇರ್ತದ. ಮೂರನೇದು, ಬಿಪಿ ಶುಗರ್‌ನಿಂದ ಮೆದುಳಿನ ಸಣ್ಣ ಸಣ್ಣ ರಕ್ತನಾಳ ಹಾಳಾಗೋದು, ಇದರಿಂದ ಬರೋ ಡಿಪ್ರೆಶನ್ನಿನಾಗ ಅಳು ಕಮ್ಮಿ, ಯಾತಕ್ಕೂ ಏಳವಲ್ರು, ಯೋಚ್ನಿ ನಿಧಾನ ಆಗಿರ್ತದ. ಇದೆಲ್ಲಾ ಉಲ್ಟಾನೂ ನಡೀತದ, ಮನಸ್ಸು ಕುಸಿದವರು ಗುಳಗಿ ತಪ್ಪಸ್ತಾರ, ನಡೆಯೋದು ಬಿಡ್ತಾರ, ಬೀಡಿ ತಂಬಾಕು ಜಾಸ್ತಿ ಮಾಡ್ತಾರ, ಶುಗರ್ ಇನ್ನೂ ಏರ್ತದ. ಶುಗರ್ ಇದ್ದವರಿಗಿ ಡಿಪ್ರೆಶನ್ ಆಗೋ ಸಂಭವ ಇಲ್ದವರಿಗಿಂತ ಹೆಚ್ಚುಕಮ್ಮಿ ಎರಡ್ ಪಟ್ಟು, ಲಕ್ವಾ ಹೊಡೆದವರೊಳಗ ಮೂರರಾಗ ಒಬ್ಬರಿಗಿ ಹತ್ತಿರ. ಹಂಗಂತ ಬಿಪಿ ಶುಗರ್ ಇದ್ದ ಎಲ್ಲಾರಿಗೂ ಬರ್ತದ ಅಂತ ತಿಳ್ಕೋಬ್ಯಾಡ್ರಿ, ಭಾಳ ಮಂದಿಗಿ ಬರಂಗಿಲ್ಲ.

ಇಲ್ಲೇ ಒಂದು ಮಾತು, ಲ್ಯಾಬಿನವರು ಫುಲ್ ಬಾಡಿ ಪ್ಯಾಕೇಜ್ ಜೊತಿ ಕಾರ್ಟಿಸಾಲ್ ಟೆಸ್ಟ್ ಅಂತ ಹೇಳಿದ್ರ ಅದಕ್ಕ ರೊಕ್ಕ ಹಾಕಬ್ಯಾಡ್ರಿ. ಮುಪ್ಪಿನ ಡಿಪ್ರೆಶನ್ನಿನಾಗ ಕೆಲವರಿಗಿ ಕಾರ್ಟಿಸಾಲ್ ಹೆಚ್ಚಿರ್ತದ, ಕೆಲವರಿಗಿ ಕಮ್ಮಿನೇ ಇರ್ತದ, ಒಂದು ಸಲದ ನಂಬರ್ ನೋಡಿ ಡಿಪ್ರೆಶನ್ ಅದನೋ ಇಲ್ಲೋ ಹೇಳ್ಲಿಕ್ಕೆ ಬರಂಗಿಲ್ಲ. ಡಾಕ್ಟರೇ ಬ್ಯಾರೆ ಕಾರಣಕ್ಕ ಬರೆದುಕೊಟ್ರ ಆ ಮಾತು ಬ್ಯಾರೆ.

ಗುರ್ತು ಹಿಡಿಯೋದು ಹೆಂಗ

ಡಿಪ್ರೆಶನ್ ಅಂದ್ರ ಕಣ್ಣೀರು ಹಾಕ್ತಾ ಕುಂತಿರ್ತಾರ ಅಂತ ನಾವು ಟಿವಿ ನೋಡಿ ತಿಳ್ಕೊಂಡೀವಿ. ಹಿರಿಯರು ಹಂಗ ಅಳಂಗಿಲ್ಲ, ನಮಗ ಬೇಜಾರ ಅದ ಅಂತ ಬಾಯಿ ಬಿಟ್ಟು ಹೇಳೋದೂ ಕಮ್ಮಿ. ಅವರು ಹೇಳೋದು ಮೈ ಭಾಷಾದಾಗ. ಕೈಕಾಲ ಹರೀತಾವ, ಮೈ ಉರಿ ಉರಿ ಆಗ್ತದ, ಎದ್ಯಾಗ ಧಡಧಡ ಅಂತದ, ತಲಿ ಹಿಂದ ಜಡ, ಹೊಟ್ಟಿ ಉಬ್ಬರ, ಬಾಯಿಗಿ ರುಚಿ ಇಲ್ಲ, ಸುಸ್ತು. ಇಸಿಜಿ ಮಾಡ್ಸಿದ್ರ ನಾರ್ಮಲ್, ಸ್ಕ್ಯಾನ್ ಮಾಡ್ಸಿದ್ರ ನಾರ್ಮಲ್, ಆಗ ಮನ್ಯಾಗಿನವರು ಇವರದ್ದು ನಾಟಕ ಅಂತ ಶುರು ಮಾಡ್ತಾರ. ನಾಟಕ ಅಲ್ರಿ, ಆ ನೋವು ಖರೇನೇ ಆಗ್ತಿರ್ತದ.

ಅದಕ್ಕ ನೋಡ್ಬೇಕಾದ್ದು ಮೊದ್ಲು ಹೆಂಗಿದ್ರು ಈಗ ಹೆಂಗ ಅದಾರ ಅನ್ನೋದು. ನಮ್ಮ ದೊಡ್ಡಪ್ಪ ಶಹಾಬಾದ ಕಲ್ಲಿನ ಖಣಿಯಾಗ ದುಡಿದವರು, ಮೊಣಕಾಲು ಸವೆದು ಹೋಗ್ಯಾವ, ಕೆಮ್ಮು ಅದ, ಬಿಪಿ ಅದ, ಆದ್ರೂ ಮುಂಜಾನಿ ಎದ್ದು ಮುಖ ತೊಳ್ಕೊಂಡು ರುಮಾಲ ಬಿಗಿ ಸುತ್ತಿ ಹನುಮಪ್ಪನ ಗುಡಿ ಕಟ್ಟಿಗಿ ಹೋಗಿ ಕುಂಡ್ರೋದು ಎಂದೂ ತಪ್ಪಿಸಿದವರಲ್ಲ. ದೊಡ್ಡವ್ವ ಹೋದ ಮ್ಯಾಲೂ ಒಂದಿಷ್ಟು ತಿಂಗಳು ಹೋಗ್ತಿದ್ರು. ಆಮ್ಯಾಲ ಒಂದಿನ ನೋಡಿದ್ರ ರುಮಾಲ ಗೂಟಕ್ಕೇ ನೇತಾಡ್ಲತ್ತದ, ಮರುದಿನಾನೂ ಅಲ್ಲೇ, ಗಡ್ಡ ಬೆಳೆದದ, ಊಟ ಹಾಕಿದ್ರ ಅರ್ಧ ರೊಟ್ಟಿ ಮುರಿದು ಸರಿಸ್ತಾರ, ಕೇಳಿದ್ರ ಮೊಣಕಾಲ ನೋವು ಅಂತಾರ. ಮೊಣಕಾಲು ಮೊದಲಿನಷ್ಟೇ ನೋಯ್ತಿತ್ತು, ಬದಲಾಗಿದ್ದು ಬ್ಯಾರೇದೇ ಅಂತ ನಮ್ಮ ವೈನಿಗಿ ಮೊದ್ಲು ಹೊಳೀತು. ಇಂಥ ಸಣ್ಣ ಸಂಗತಿಗಳೇ ಗುರ್ತು: ಆಯಿ ತುಳಸಿಗಿ ನೀರು ಹಾಕೋದು ಬಿಟ್ರು, ಮೊಮ್ಮಕ್ಕಳ ಗದ್ದಲಕ್ಕ ಒಮ್ಮೆಲೇ ಸಿಟ್ಟು ಬರ್ಲತ್ತದ, ರಾತ್ರಿ ಮೂರಕ್ಕೇ ಎಚ್ಚರಾಗಿ ಮ್ಯಾಲಿನ ತೊಲಿ ನೋಡ್ತಾ ಮಲಗ್ತಾರ, ಸೀರಿ ರವಿಕಿ ಸಡ್ಲಾಗ್ಯಾವ, ನಾ ಎಲ್ಲಾರಿಗೂ ಭಾರ ಆಗೀನಿ ಅಂತ ಪದೇ ಪದೇ ಅಂತಾರ. ಇವು ಹೆಚ್ಚುಕಮ್ಮಿ ದಿನಾಲೂ, ಎರಡು ವಾರಕ್ಕಿಂತ ಹೆಚ್ಚು ನಡೀತು ಅಂದ್ರ ಸುಮ್ನ ಕುಂಡ್ರಬ್ಯಾಡ್ರಿ.

ಮರೆವು ಇದ್ರ ಅರಳುಮರಳು ಅಂತ ತೀರ್ಪು ಕೊಟ್ಟು ಬಿಡಬ್ಯಾಡ್ರಿ. ಡಿಮೆನ್ಶಿಯಾ ನಿಧಾನಕ್ಕ ವರ್ಷದ ಲೆಕ್ಕದಾಗ ಬರ್ತದ, ಆ ಮನಷ್ಯಾ ತಾ ಮರೀತೀನಿ ಅಂತ ಸಾಮಾನ್ಯವಾಗಿ ಒಪ್ಪಂಗಿಲ್ಲ. ಡಿಪ್ರೆಶನ್ನಿನ ಮರೆವು ಕೆಲವು ವಾರ ತಿಂಗಳಾಗ ಬರ್ತದ, ಏನು ಕೇಳಿದ್ರೂ ಗೊತ್ತಿಲ್ಲ ಗೊತ್ತಿಲ್ಲ ಅಂತ ಕೈ ಚೆಲ್ತಾರ, ನಂದು ತಲಿ ಹೋಗ್ಯದ ಅಂತ ತಾವೇ ಗೋಳಾಡ್ತಾರ. ಎರಡೂ ಕೂಡೇ ಇರಬಹುದು, ಅದನ್ನ ಡಾಕ್ಟರೇ ಬಿಡಿಸಿ ಹೇಳ್ಬೇಕು. ಆದ್ರ ಒಂದು ದಿನದಾಗ ಒಮ್ಮೆಲೇ ಗುರ್ತು ಹಿಡಿಯವಲ್ರು, ಬಡಬಡಿಸ್ಲತ್ತಾರ, ಮಂಪರು ಅಂದ್ರ ಅದು ಇನ್‌ಫೆಕ್ಷನ್ನೋ, ಸೋಡಿಯಂ ಇಳಿದದ್ದೋ, ಶುಗರ್ ಇಳಿದದ್ದೋ, ಲಕ್ವಾನೋ ಇರಬಹುದು, ಆವಾಗ ನಾಳೆ ಅನ್ನಬ್ಯಾಡ್ರಿ, ಅವತ್ತೇ ದವಾಖಾನಿಗಿ ಹೋಗ್ರಿ.

ನಮ್ಮ ದೇಶದಾಗ ಇದು ಎಷ್ಟು ಮುಚ್ಚಿ ಹೋಗ್ಯದ ಅಂದ್ರ, 2017-18ರಾಗ ನಡೆದ ಲಾಸಿ ಅಂಬೋ ದೊಡ್ಡ ಸರ್ವೇದಾಗ 60 ದಾಟಿದವರನ್ನ ಪ್ರಶ್ನಿ ಕೇಳಿ ಅಳತಿ ಮಾಡಿದಾಗ 8.3% ಮಂದಿಗಿ ಡಿಪ್ರೆಶನ್ ಕಂಡು ಬಂತು, ಡಾಕ್ಟರ್ ನಮಗ ಡಿಪ್ರೆಶನ್ ಅದ ಅಂತ ಹೇಳ್ಯಾರ ಅಂದವರು ಬರೇ 0.8%. ಹತ್ತು ಮಂದ್ಯಾಗ ಒಂಬತ್ತು ಮಂದಿ ಯಾರ ಕಣ್ಣಿಗೂ ಬಿದ್ದಿಲ್ಲ ಅಂದಂಗಾತು.

ಒಂದು ನೋಟ್‌ಬುಕ್ ತಗೋರಿ

ಹಳೇ ಸಾಲಿ ನೋಟ್‌ಬುಕ್ ಆದ್ರೂ ನಡೀತದ. ಎಡಕ್ಕಿನ ಹಾಳ್ಯಾಗ ಅಳತಿ ಬರೀರಿ: ಬಿಪಿ, ಖಾಲಿ ಹೊಟ್ಟಿ ಶುಗರ್, ಮೂರ್ ತಿಂಗಳ ಶುಗರ್, ತೂಕ, ಹೊಕ್ಕಳ ಸುತ್ತಳತಿ. ಬಿಪಿ ಶುಗರ್ ಊರಿನ ಪಿಎಚ್‌ಸಿಯಾಗೇ ಫ್ರೀ ನೋಡ್ತಾರ. ಬಲಕ್ಕಿನ ಹಾಳ್ಯಾಗ ನಂಬರಿಗಿ ಸಿಗಲಾರದ್ದು ಬರೀರಿ: ಎಲ್ಲಿ ನೋವು ಎಷ್ಟು ವರ್ಷದಿಂದ, ನಿದ್ದಿ ಎಷ್ಟೊತ್ತಿಗಿ ಹತ್ತತದ ಎಷ್ಟೊತ್ತಿಗಿ ಎಚ್ಚರಾಗ್ತದ, ಕಿವಿ ಕೇಳ್ತದನೋ ಇಲ್ಲೋ, ಕಣ್ಣಿಗಿ ಪೊರಿ ಬಂದದೇನು, ಹಲ್ಲು ಹೆಂಗವ, ಯಾರ ಸಾವು ಆಗ್ಯದ, ಯಾವ ಚಿಂತಿ ಅದ, ಯಾರನ್ನ ನೋಡಿಕೊಳ್ಳೋ ಜವಾಬ್ದಾರಿ ಇವರ ತಲಿ ಮ್ಯಾಲದ. ಈ ಕೊನೇದು ನಮ್ ಕಡಿ ಭಾಳ ಮುಖ್ಯ. ಚಿಂಚೋಳಿ, ಸೇಡಂ, ಯಾದಗಿರಿ ಹಳ್ಳಿ ತಾಂಡಾದಾಗ ಮಗ ಸೊಸಿ ಮುಂಬೈ, ಪುಣೆ, ಹೈದರಾಬಾದ, ಬೆಂಗಳೂರಿಗಿ ದುಡೀಲಿಕ್ಕೆ ಹೋಗಿರ್ತಾರ, ಅರವತ್ತೈದು ವರ್ಷದ ಆಯಿ ಸಾಲಿಗಿ ಹೋಗೋ ಮೊಮ್ಮಕ್ಕಳನ್ನ ಸಂಬಾಳಿಸ್ತಾ, ಲಕ್ವಾ ಹೊಡೆದ ಮುತ್ಯಾನ್ನೂ ನೋಡಿಕೊಳ್ತಾ ಇರ್ತಾರ. ಅವರ ಬಿಪಿ ಯಾಕ ಇಳೀವಲ್ದು ಅಂತ ಗುಳಗಿ ಡೋಸ್ ಹೆಚ್ಚು ಮಾಡ್ತಾ ಹೋದ್ರ ಏನು ಉಪಯೋಗ, ಆ ಕೆಲಸದ ಭಾರ ಸ್ವಲ್ಪ ಇಳಿಸ್ಬೇಕು.

ಆಮ್ಯಾಲ ಆ ಡಬ್ಬಿ ಬಿಚ್ಚಿ ಎಲ್ಲಾ ಗುಳಗಿ ಹಾಸಿಗಿ ಮ್ಯಾಲ ಹರವಿ ಒಂದೊಂದರ ಹೆಸರು ಬರೀರಿ. ಹೆಸರಿಲ್ಲದ ಕಾಗದದ ಪುಡಿಕಿ ಸಿಗ್ತದ, ಹಳ್ಳಿ ಡಾಕ್ಟರ್ ಮೊಣಕಾಲ ನೋವಿಗಿ ಕೊಟ್ಟಿರ್ತಾರ, ತಗೊಂಡ್ರ ಮರುದಿನವೇ ಹಗುರ ಆಗ್ತದ ಅಂತ ಖುಷಿಲೇ ತಗೋತಿರ್ತಾರ. ಅಂಥಾ ಪುಡಿಕ್ಯಾಗ ಸ್ಟಿರಾಯ್ಡ್ ಇರೋದು ಹೊಸ ಸುದ್ದಿ ಅಲ್ಲ. ಸ್ಟಿರಾಯ್ಡ್ ಅಂದ್ರ ಹೊರಗಿಂದ ಕೊಟ್ಟ ಕಾರ್ಟಿಸಾಲ್ ಜಾತಿದೇ, ಶುಗರ್ ಏರಿಸ್ತದ, ಬಿಪಿ ಏರಿಸ್ತದ, ಎಲುಬು ಸವೆಸ್ತದ, ನಿದ್ದಿ ಕೆಡಿಸ್ತದ, ಮನಸ್ಸನ್ನೂ ಕೆಡಿಸ್ತದ. ಗೊತ್ತಾತು ಅಂತ ಒಮ್ಮೆಲೇ ನಿಲ್ಲಿಸ್ಲಿಕ್ಕೂ ಹೋಗಬ್ಯಾಡ್ರಿ, ಭಾಳ ದಿನ ತಗೊಂಡವರು ಒಮ್ಮೆಲೇ ಬಿಟ್ರ ಜೀವಕ್ಕೇ ಅಪಾಯ ಆಗಬಹುದು, ಪುಡಿಕಿ ಸಮೇತ ದೊಡ್ಡ ದವಾಖಾನಿ ಡಾಕ್ಟರಿಗಿ ತೋರಿಸ್ರಿ, ಹಂತ ಹಂತವಾಗಿ ಇಳಿಸ್ತಾರ. ವರ್ಷಗಟ್ಲೆ ನುಂಗ್ತಿರೋ ನಿದ್ದಿ ಗುಳಗಿದೂ ಇದೇ ಮಾತು.

ಡಾಕ್ಟರ್ ಹಂತ್ಯಾಕ ಹೋದಾಗ ಥೈರಾಯ್ಡ್, ಬಿ12, ಹಿಮೋಗ್ಲೋಬಿನ್, ಸೋಡಿಯಂ, ಕ್ರಿಯಾಟಿನಿನ್ (ಕಿಡ್ನಿ ಟೆಸ್ಟ್) ನೋಡ್ಬೇಕೇನ್ರಿ ಅಂತ ಕೇಳ್ರಿ. ಥೈರಾಯ್ಡ್ ಕಮ್ಮಿ ಆದ್ರ, ಬಿ12 ಕಮ್ಮಿ ಆದ್ರ ಡಿಪ್ರೆಶನ್ನಿನಂಗೇ ಕಾಣ್ತದ. ಬಿ12 ಶಾಕಾಹಾರಿ ಮನಿ ಹಿರಿಯರಿಗಿ, ಮತ್ತ ಶುಗರಿಗಿ ಮೆಟ್‌ಫಾರ್ಮಿನ್ ಭಾಳ ವರ್ಷ ತಗೊಂಡವರಿಗಿ ಕಮ್ಮಿ ಆಗೋದು ಸಾಮಾನ್ಯ. ದೊಡ್ಡಪ್ಪಂದೂ ಬಿ12 ಕಮ್ಮಿನೇ ಬಂದಿತ್ತು, ಅದರ ಇಂಜೆಕ್ಷನ್ನೂ ಕೊಟ್ರು, ಡಿಪ್ರೆಶನ್ ಗುಳಗಿನೂ ಶುರು ಮಾಡಿದ್ರು. ಎರಡೂ ಬೇಕಾಗಿದ್ವು.

ಕೇಳೋದು ಹೆಂಗ

ಎಲ್ಲಾರ ಮುಂದ ಕುಂಡ್ರಿಸಿ ನಿಮಗ ಡಿಪ್ರೆಶನ್ ಆಗ್ಯದೇನು ಅಂದ್ರ ಯಾವ ಮುತ್ಯಾನೂ ಹೂಂ ಅನ್ನಂಗಿಲ್ಲ. ಸಂಜಿಮುಂದ ಕಟ್ಟಿ ಮ್ಯಾಲ ಬಾಜೂಕ ಕುಂತು, ಕಾಲು ಒತ್ತುತಾ, ತೊಗರಿ ಹಸನು ಮಾಡ್ತಾ, ಕೈಯಾಗ ಏನೋ ಕೆಲಸ ಇರೋ ಹೊತ್ತಿನಾಗ ಕೇಳ್ರಿ, ಮೈಯಿಂದ ಶುರು ಮಾಡ್ರಿ.

"ಯವ್ವಾ, ರಾತ್ರಿ ನಿದ್ದಿ ಹೆಂಗ ಹತ್ತತದ?"
"ಏನ್ ನಿದ್ದಿನೋ ಯಪ್ಪಾ, ಮೂರಕ್ಕೇ ಎಚ್ಚರ."
"ಎಚ್ಚರಾದ ಮ್ಯಾಲ ಏನೇನ್ ವಿಚಾರ ಬರ್ತಾವ?"

ಈ ಮೂರನೇ ಪ್ರಶ್ನಿ ಕೇಳಿದ ಮ್ಯಾಲ ಸುಮ್ನ ಇರ್ರಿ. ಭಾಳೊತ್ತು ಏನೂ ಅನ್ನದಿದ್ರೂ ಇರ್ರಿ, ನಡುವ ಬಾಯಿ ಹಾಕಿ ಧೈರ್ಯ ತಗೋ, ದೇವರದಾನ, ನಿನಗೇನ್ ಕಮ್ಮಿ ಆಗ್ಯದ ಅಂತ ಅನ್ನಬ್ಯಾಡ್ರಿ, ಹಂಗಂದ್ರ ಮಾತು ಅಲ್ಲಿಗೇ ಮುಗೀತದ. ಹಿರಿಯರಿಗೇ ಅಂತ ಮಾಡಿದ 15 ಪ್ರಶ್ನಿಯ ಜಿಡಿಎಸ್ ಅಂಬೋ ಪಟ್ಟಿ ಅದ, ಹೌದು ಇಲ್ಲ ಅಂತ ಹೇಳಿದ್ರ ಸಾಕು. ಜೀವನದಾಗ ಸಮಾಧಾನ ಅದನೋ, ಮೊದ್ಲಿನ ಕೆಲಸ ಹವ್ಯಾಸ ಬಿಟ್ಟೀರೇನು, ಜೀವನ ಖಾಲಿ ಖಾಲಿ ಅನಿಸ್ತದೇನು, ಹೊರಗ ಹೋಗೋಕಿಂತ ಮನ್ಯಾಗೇ ಇರಬೇಕು ಅನಿಸ್ತದೇನು, ಕೈಲಾಗದವ ಅನಿಸ್ತದೇನು, ಇಂಥವು. ನಿದ್ದಿ, ಹಸಿವಿ, ನೋವಿನ ಬಗ್ಗೆ ಅದ್ರಾಗ ಕೇಳಂಗಿಲ್ಲ, ಯಾಕಂದ್ರ ಮುಪ್ಪಿನಾಗ ಅವು ಬ್ಯಾರೆ ಕಾರಣಕ್ಕೂ ಕೆಡ್ತಾವ. ಡಿಪ್ರೆಶನ್ ಕಡಿ ಬೀಳೋ ಉತ್ತರ ಐದು ಮತ್ತ ಮ್ಯಾಲ ಬಂದ್ರ ಸಾಮಾನ್ಯವಾಗಿ ಡಾಕ್ಟರಿಗಿ ತೋರಿಸ್ಬೇಕು ಅಂತ ಲೆಕ್ಕ.

ಸಾವಿನ ವಿಚಾರ ನೇರವಾಗಿ ಕೇಳ್ಲೇಬೇಕು. ದೇವರು ಜಲ್ದಿ ಕರ್ಕೊಂಡ್ರ ಸಾಕು ಅಂತ ಹಿರಿಯರು ಹಂಗೇ ಅಂತಿರ್ತಾರ ಅಂತ ತಳ್ಳಿ ಹಾಕಬ್ಯಾಡ್ರಿ. "ಮುತ್ಯಾ, ಜೀವಾ ಕಳ್ಕೋಬೇಕು ಅಂತ ವಿಚಾರ ಬಂದದೇನು?" ಅಂತ ಮೆಲ್ಲಕ ಕೇಳ್ರಿ, ಕೇಳೋದ್ರಿಂದ ಇಲ್ಲದ ವಿಚಾರ ಹುಟ್ಟಂಗಿಲ್ಲ, ಇದ್ದದ್ದು ಹೊರಗ ಬರ್ತದ. ಹೌದು ಅಂದ್ರ, ಇಲ್ಲಾ ಒಮ್ಮೆಲೇ ಹೊಲ ಬಂಗಾರ ಹಂಚಲಿಕ್ಕೆ ಶುರು ಮಾಡಿದ್ರ, ಅವರನ್ನ ಒಬ್ಬರನ್ನೇ ಬಿಡಬ್ಯಾಡ್ರಿ. ತೊಗರಿಗಿ ಹೊಡಿಯೋ ಎಣ್ಣಿ (ಕೀಟನಾಶಕ) ನಮ್ ಕಡಿ ಮನಿ ಮೂಲ್ಯಾಗ, ಕೊಟ್ಟಿಗ್ಯಾಗ ಹಂಗೇ ಇಟ್ಟಿರ್ತೀವಿ, ಅದನ್ನ ಅವತ್ತೇ ಮನಿಯಿಂದ ಹೊರಗ ಸಾಗಿಸ್ರಿ, ಇಲ್ಲಾ ಕೀಲಿ ಹಾಕಿ ಕೀಲಿಕೈ ನಿಮ್ಮ ಹಂತ್ಯಾಕ ಇಟ್ಕೋರಿ. ಉಳಿದ ಗುಳಗಿ ಪಟ್ಟಿನೂ ಹಂಗೇ. ಟೆಲಿ ಮಾನಸ್ 14416ಕ್ಕ ಫೋನ್ ಮಾಡ್ರಿ, 2022ರ ಅಕ್ಟೋಬರ್ 10ಕ್ಕ ಶುರು ಆದ ಸರ್ಕಾರದ ಲೈನ್ ಅದು, 24 ತಾಸು, ಫ್ರೀ, ಕನ್ನಡದಾಗೇ ಮಾತಾಡ್ತಾರ. ಮನ್ಯಾಗ ಹಿರಿಯರಿಗಿ ಬಡಿಯೋದು, ಊಟ ಹಾಕದಿರೋದು, ಪೆನ್ಶನ್ ಕಸಗೊಳ್ಳೋದು ಇಂಥದ್ದೇ ಕಾರಣ ಇದ್ರ ಹಿರಿಯರ ಸಹಾಯವಾಣಿ 14567 ಅದ.

ಎಲ್ಲಿ ತೋರಿಸ್ಬೇಕು

ಕಲಬುರಗ್ಯಾಗ ಜಿಮ್ಸ್, ಬೀದರ್‌ದಾಗ ಬ್ರಿಮ್ಸ್, ಯಾದಗಿರ್ಯಾಗ ಯಿಮ್ಸ್, ಸರ್ಕಾರಿ ಮೆಡಿಕಲ್ ಕಾಲೇಜು ಮೂರೂ ಜಿಲ್ಲಾದಾಗ ಅವ, ಅಲ್ಲಿ ಮನೋರೋಗ ವಿಭಾಗದ ಓಪಿಡಿ ಯಾವ ದಿನ ಅಂತ ಕೇಳಿ ಹೋಗ್ರಿ. ಅಷ್ಟು ದೂರ ಆಗಂಗಿಲ್ಲ ಅಂದ್ರ ತಾಲೂಕು ದವಾಖಾನಿಗಿ ಮನೋಚೈತನ್ಯ ಕಾರ್ಯಕ್ರಮದಾಗ ಮಂಗಳವಾರ ಮನೋವೈದ್ಯರು ಬರೋ ವ್ಯವಸ್ಥಾ ಅದ, ನಿಮ್ಮ ತಾಲೂಕಿಗಿ ಯಾವ ವಾರ ಅಂತ ಆಶಾ ಕಾರ್ಯಕರ್ತೆಗಿ ಕೇಳ್ರಿ, ಅವರಿಗಿ ಗೊತ್ತಿರ್ತದ. ನೋಟ್‌ಬುಕ್, ಡಬ್ಬಿ, ಹಳೇ ಚೀಟಿ ಎಲ್ಲಾ ತಗೊಂಡು ಹೋಗ್ರಿ, ಮತ್ತ ದಿನಾ ಅವರ ಜೊತಿ ಇರೋ ಮನಷ್ಯಾನೇ ಹೋಗ್ಲಿ, ಬೆಂಗಳೂರಿಂದ ಬಂದ ಮಗ ಹೋದ್ರ ಏನು ಹೇಳ್ತಾನ, ಸೊಸಿಗಿ ಎಲ್ಲಾ ಗೊತ್ತಿರ್ತದ.

ನಾ ಹುಚ್ಚರ ಡಾಕ್ಟರ್ ಹಂತ್ಯಾಕ ಬರಂಗಿಲ್ಲ ಅಂದ್ರ ಜಗಳ ತೆಗೀಬ್ಯಾಡ್ರಿ, ಸುಳ್ಳು ಹೇಳಿ ಕರ್ಕೊಂಡು ಹೋಗೋದೂ ಬ್ಯಾಡ, ಆಮ್ಯಾಲ ಯಾವ ಗುಳಗಿನೂ ನಂಬಂಗಿಲ್ಲ. ನಿದ್ದಿ ಇಲ್ದೇ ಬಿಪಿ ಏರ್ಲತ್ತದ, ನಿದ್ದಿ ಮತ್ತ ಸುಸ್ತಿಗಿ ಒಳ್ಳೇ ಡಾಕ್ಟರ್ ಅದಾರ ಅಂತ ಹೇಳ್ರಿ, ಅದು ಖರೇನೇ ಅದಲ್ಲ. ದರ್ಗಾಕ್ಕ ಹೋಗ್ಬೇಕು, ಶರಣಬಸಪ್ಪನ ಗುಡಿಗಿ ಹೋಗ್ಬೇಕು, ನದರ ತೆಗಿಸ್ಬೇಕು ಅಂದ್ರ ಅದಕ್ಕ ತಡಿಬ್ಯಾಡ್ರಿ, ಅಲ್ಲಿ ಹೋಗಿ ನಾಕ್ ಮಂದಿ ಜೊತಿ ಕುಂತು ಬಂದ್ರ ಮನಸ್ಸಿಗಿ ಹಿತನೇ. ಗುಳಗಿ ಬಿಡ್ರಿ ಅಂತ ಹೇಳೋರ ಕಡಿ ಮಾತ್ರ ಹೋಗಬ್ಯಾಡ್ರಿ.

ಗುಳಗಿ ಕೊಟ್ರ ತಿಳ್ಕೋಬೇಕಾದ್ದು: ಡಿಪ್ರೆಶನ್ ಗುಳಗಿ ತಲಿನೋವಿನ ಗುಳಗಿ ಥರ ಅರ್ಧ ತಾಸಿನಾಗ ಕೆಲಸ ಮಾಡಂಗಿಲ್ಲ, ನಾಕರಿಂದ ಆರು ವಾರ ಬೇಕು, ಹಿರಿಯರಿಗಿ ಇನ್ನೂ ಹೆಚ್ಚು ಹಿಡೀಬಹುದು. ಮೊದಲ ವಾರದಾಗ ಹೊಟ್ಟಿ ತೊಳಸೋದು, ಸ್ವಲ್ಪ ಚಡಪಡಿಕಿ ಆಗ್ತದ, ಅದಕ್ಕೇ ಭಾಳ ಮಂದಿ ನಾಕ್ ದಿನಕ್ಕ ಬಿಟ್ಟು ಬಿಡ್ತಾರ, ನಮಗ ಗುಳಗಿ ಹೀಟ್ ಆಗ್ತದ ಅಂತಾರ. ಡೋಸ್ ಕಮ್ಮಿಯಿಂದ ಶುರು ಮಾಡಿ ಮೆಲ್ಲಕ ಏರಿಸ್ತಾರ. ಹಿರಿಯರಿಗಿ ಈ ಗುಳಗಿಯಿಂದ ರಕ್ತದಾಗ ಸೋಡಿಯಂ ಇಳಿಬಹುದು, ಅದ್ರಾಗೂ ಬಿಪಿಗಿ ಮೂತ್ರ ಹೋಗೋ ಗುಳಗಿ ತಗೋತಿದ್ರ ಹೆಚ್ಚು, ತೂಕಡಿಕಿ, ಗೊಂದಲ, ವಾಂತಿ, ಬೀಳೋದು ಕಂಡ್ರ ತಡ ಮಾಡದೇ ಡಾಕ್ಟರಿಗಿ ತೋರಿಸಿ ಸೋಡಿಯಂ ಚೆಕ್ ಮಾಡಿಸ್ರಿ. ಆಸ್ಪಿರಿನ್ನು, ನೋವಿನ ಗುಳಗಿ ನಡೆದಿದ್ರ ಮೊದಲೇ ಹೇಳ್ರಿ, ಕೂಡಿದ್ರ ರಕ್ತಸ್ರಾವದ ಅಪಾಯ ಹೆಚ್ತದ. ಬರೇ ನಿದ್ದಿ ಗುಳಗಿ ಕೊಟ್ಟು ಕಳಿಸಿದ್ರ ಅದು ಡಿಪ್ರೆಶನ್ನಿನ ಉಪಚಾರ ಅಲ್ಲ ಅಂತ ತಿಳ್ಕೋರಿ, ರಾತ್ರಿ ಮೂತ್ರಕ್ಕ ಎದ್ದಾಗ ಬಿದ್ದು ತೊಡಿ ಎಲುಬು ಮುರ್ಕೊಳ್ಳೋ ಅಪಾಯ ಅದರಿಂದ ಹೆಚ್ತದ. ಮಾತಿನ ಚಿಕಿತ್ಸಾನೂ ಹಿರಿಯರಿಗಿ ಛಲೋ ಕೆಲಸ ಮಾಡ್ತದ, ಕೌನ್ಸೆಲರ್ ಸಿಕ್ರ ಬಿಡಬ್ಯಾಡ್ರಿ.

ಮನ್ಯಾಗ ಭಾರ ಇಳಿಸೋದು

ಎಲ್ಲಾ ಒಮ್ಮೆಲೇ ಸರಿ ಮಾಡ್ತೀನಿ ಅಂತ ಹೋಗಬ್ಯಾಡ್ರಿ. ನೋಟ್‌ಬುಕ್ ನೋಡಿ ಯಾವುದು ಜಲ್ದಿ ಇಳೀತದ ಅದನ್ನ ಮೊದ್ಲು ಹಿಡೀರಿ. ನನ್ನ ಕೇಳಿದ್ರ ಕಣ್ಣು ಕಿವಿಯಿಂದ ಶುರು ಮಾಡ್ರಿ. ಪೊರಿ ಆಪರೇಶನ್ ಸರ್ಕಾರಿ ದವಾಖಾನ್ಯಾಗ ಫ್ರೀ ಆಗ್ತದ, ಕಣ್ಣು ಕಂಡ್ರ ತಾವೇ ಕಟ್ಟಿತನಕ ಹೋಗ್ತಾರ. ಕಿವಿ ಕೇಳದವರು ಮನಿ ತುಂಬ ಮಂದಿ ಇದ್ರೂ ಒಬ್ರೇ ಇದ್ದಂಗ, ಎಲ್ಲಾರೂ ನಕ್ರ ತಮ್ಮನ್ನೇ ನೋಡಿ ನಕ್ರು ಅಂತ ತಿಳ್ಕೋತಾರ.

ನಡೆಯೋದು ಔಷಧದಷ್ಟೇ ಮುಖ್ಯ. ವಾರಕ್ಕ 150 ನಿಮಿಷ ಅಂತ ವಿಶ್ವ ಆರೋಗ್ಯ ಸಂಸ್ಥೆ (ಡಬ್ಲ್ಯುಎಚ್‌ಒ) ಹೇಳ್ತದ, ಆದ್ರ ಮನ್ಯಾಗೇ ಕುಂತವರಿಗಿ ಮೊದಲ ವಾರ ಅಂಗಳದಾಗ ಐದು ನಿಮಿಷ ಸಾಕು. ನಮ್ ಕಡಿ ಮೇ ತಿಂಗಳಾಗ 42 ಡಿಗ್ರಿ ದಾಟ್ತದ, ಅದಕ್ಕ ಏಪ್ರಿಲ್ ಮೇದಾಗ ಮುಂಜಾನಿ ಏಳರೊಳಗ ಮುಗಿಸ್ರಿ, ಬಿಸಲೂ ಮೈಗಿ ದೊಡ್ಡ ಭಾರನೇ, ಹಿರಿಯರಿಗಿ ನೀರಡಿಕಿ ಗೊತ್ತಾಗೋದೇ ಕಮ್ಮಿ, ಕೇಳಿ ಕೇಳಿ ನೀರು, ತೆಳು ಮಜ್ಜಿಗಿ ಕುಡಿಸ್ರಿ (ಹಾರ್ಟ್, ಕಿಡ್ನಿ ತೊಂದ್ರಿ ಇದ್ದವರು ಎಷ್ಟು ಕುಡಿಬೇಕು ಅಂತ ಡಾಕ್ಟರಿಗಿ ಕೇಳ್ರಿ). ಮೊಣಕಾಲ ನೋವಿದ್ದವರು ಕುರ್ಚಿಯಿಂದ ಕೈ ಊರಿ ಏಳೋದು ಕುಂಡ್ರೋದು ಮಾಡಿದ್ರೂ ತೊಡಿಗಿ ಶಕ್ತಿ ಬರ್ತದ, ನೋವೂ ಇಳೀತದ.

ಊಟದಾಗ ನಮ್ಮದೇ ಜೋಳದ ರೊಟ್ಟಿ, ತೊಗರಿ ಬ್ಯಾಳಿ, ಪುಂಡಿ ಪಲ್ಯ, ಕಾಳು ಛಲೋ ಇವೆ, ಹೊಸದೇನೂ ಬ್ಯಾಡ. ಹಲ್ಲಿಲ್ಲ ಅಂತ ಬರೇ ಚಹಾದಾಗ ಬ್ರೆಡ್ಡು ಬಿಸ್ಕೀಟು ಅದ್ದಿ ತಿಂದು ದಿನ ದೂಡೋದು ಮಾತ್ರ ನಿಲ್ಲಿಸ್ರಿ, ರೊಟ್ಟಿ ಮುರಿದು ಬ್ಯಾಳ್ಯಾಗ ನೆನಸಿ ಕೊಡ್ರಿ. ಉಪ್ಪಿನಕಾಯಿ, ಹಪ್ಪಳ ಕಮ್ಮಿ, ಬಿಪಿಗಿ. ಸಂಜಿ ಮ್ಯಾಲ ಚಹಾ ಬ್ಯಾಡ. ಮಧ್ಯಾಹ್ನದ ನಿದ್ದಿ ಅರ್ಧ ತಾಸಿಗಿ ಎಬ್ಬಿಸ್ರಿ.

ಇವೆಲ್ಲಕ್ಕಿಂತ ನಾ ಹೆಚ್ಚು ನಂಬೋದು ಏನಪಾ ಅಂದ್ರ ಕೆಲಸ ಕೊಡೋದು. ನೀವು ಸುಮ್ನ ಕುಂಡ್ರಿ, ನಾವು ಮಾಡ್ತೀವಿ ಅಂತ ಪ್ರೀತಿಲೇ ಹೇಳ್ತೀವಿ, ಅವರಿಗಿ ಅದು ನೀ ಬ್ಯಾಡ ಅಂದಂಗ ಕೇಳ್ತದ. ಮನಸ್ಸು ಬಂದ ಮ್ಯಾಲ ಮಾಡ್ತಾರ ಅಂತ ಕಾಯಬ್ಯಾಡ್ರಿ, ಡಿಪ್ರೆಶನ್ನಿನಾಗ ಕೆಲಸ ಮೊದ್ಲು, ಮನಸ್ಸು ಆಮ್ಯಾಲ ಬರ್ತದ, ಮನೋವೈದ್ಯರು ಕೊಡೋ ಚಿಕಿತ್ಸಾದಾಗೂ ಇದು ಒಂದು ಪದ್ಧತಿನೇ ಅದ. ಕೆಲಸ ಸಣ್ಣದಿರ್ಲಿ, ಹೊತ್ತು ಗೊತ್ತಿರ್ಲಿ, ಖರೇನೇ ಮನಿಗಿ ಬೇಕಾದ್ದಿರ್ಲಿ. ವೈನಿ ದೊಡ್ಡಪ್ಪಗ ಮೊದ್ಲು ಕೊಟ್ಟಿದ್ದು ಮೊಮ್ಮಗನ್ನ ಅಂಗನವಾಡಿಗಿ ಬಿಟ್ಟು ಬರೋ ಕೆಲಸ. ಮೊದಮೊದ್ಲು ಗೊಣಗಿದ್ರು, ಹುಡುಗ ಬಾಗಿಲಕ್ಕ ನಿಂತು ಒದರ್ತಿದ್ದ, ಹೋಗ್ಲೇಬೇಕಾಗ್ತಿತ್ತು. ಹೊರಗ ಹೋಗೋದು ಅಂದ ಮ್ಯಾಲ ರುಮಾಲ ಬೇಕಲ್ಲ. ಅಂಗನವಾಡಿ ದಾಟಿದ್ರ ಕಟ್ಟಿ, ಕಟ್ಟಿ ಮ್ಯಾಲ ಹಳೇ ಖಣಿ ಗೆಳೆಯರು.

ನೋಡಿಕೊಳ್ಳೋರ ಬಗ್ಗೆ ಎರಡು ಮಾತು ಹೇಳ್ಲೇಬೇಕು. ಸೊಸಿನೋ ಮಗಳೋ ಒಬ್ಬರ ಮ್ಯಾಲೇ ಎಲ್ಲಾ ಬಿದ್ರ ಮುಂದ ಅವರ ಬಿಪಿ ಏರ್ತದ, ಅವರ ನಿದ್ದಿ ಹೋಗ್ತದ. ದೂರ ಇರೋ ಮಕ್ಕಳು ರೊಕ್ಕ ಕಳಿಸಿದ್ರ ಆತು ಅನ್ಕೋಬ್ಯಾಡ್ರಿ, ದಿನಾ ಒಂದೇ ಹೊತ್ತಿಗಿ ಐದು ನಿಮಿಷ ವಿಡಿಯೋ ಕಾಲ್ ಮಾಡ್ರಿ, ರಜಾಕ್ಕ ಬಂದಾಗ ಒಂದು ವಾರ ಪೂರಾ ನೀವು ನೋಡಿಕೊಂಡು ವೈನಿನ್ನ ತವರಿಗಿ ಕಳಿಸ್ರಿ.

ಮೂರು ತಿಂಗಳಾದ ಮ್ಯಾಲ ಅದೇ ನೋಟ್‌ಬುಕ್ ತೆಗೆದು ಹೊಸ ಹಾಳ್ಯಾಗ ಅವೇ ಅಳತಿ, ಅವೇ ಪ್ರಶ್ನಿ ಮತ್ತ ಬರೀರಿ. ಶುಗರ್ ಇಳಿದದ, ಮನಸ್ಸಿನ ಭಾರ ಇಳಿದಿಲ್ಲ ಅಂದ್ರ ಮನೋವೈದ್ಯರಿಗಿ ಹೇಳ್ರಿ, ಗುಳಗಿ ಬದಲಿ ಮಾಡ್ತಾರ. ಪೂರಾ ಆರಾಮಾದ್ರು ಅಂದ್ರೂ ಗುಳಗಿ ನಿಮಗ ನೀವೇ ನಿಲ್ಲಿಸಬ್ಯಾಡ್ರಿ, ಆರಾಮಾದ ಮ್ಯಾಲೂ ಕಮ್ಮಿ ಅಂದ್ರ ಆರು ತಿಂಗಳು, ಹಿರಿಯರಿಗಿ ಸಾಮಾನ್ಯವಾಗಿ ವರ್ಷದ ತನಕ ಮುಂದುವರಿಸ್ತಾರ, ನಿಲ್ಲಿಸೋವಾಗ ಡೋಸ್ ಇಳಿಸ್ತಾ ಇಳಿಸ್ತಾ ನಿಲ್ಲಿಸ್ತಾರ, ಮುಂದಿನ ತಾರೀಖು ಯಾವಾಗ ಅಂತ ಚೀಟಿ ಮ್ಯಾಲ ಬರೆಸ್ಕೊಂಡೇ ಬರ್ರಿ.